ದುರ್ಬೀನಕ್ಕ ಚಿತ್ರ ನೋಡಿದ್ದು

ಬಟ್ಟೆ ಗಿರಣಿಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಆಕೆಯನ್ನು ಎಲ್ಲರೂ ದುರ್ಬೀನಕ್ಕ ಎಂದೇ ಕರೆಯುತ್ತಿದ್ದರು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜು, ಅದರ ಮೇಲೆ ಸರಿದು ಹೋಗುವ ಬಟ್ಟೆ, ಆಕೆಯ ಕೈಯಲ್ಲೊಂದು ಸೀಮೆಸುಣ್ಣದ ತುಂಡು. ಎಳೆ ತಪ್ಪಿದಲ್ಲಿ, ಗಂಟು ಬಿದ್ದಲ್ಲಿ, ಬಣ್ಣ ಒಂಚೂರು ಮಂಕಾದಲ್ಲಿ ಗುರುತು ಹಾಕುವುದು ಕೆಲಸ. ಆಕೆ ಪಾಸು ಮಾಡಿದ ಥಾನು ವಾಪಸು ಬಂದದ್ದು ಇಲ್ಲವೇ ಇಲ್ಲ ಎನ್ನಬಹುದು. ಗಂಡನಾಗುವವರ ಜೊತೆ ಮೊದಲ ಸಲ ಮಾತಾಡಿದಾಗ ಆಕೆಯ ಬಾಯಿಂದ ಬಂದ ಮೊದಲ ಮಾತು, ಅಂಗಿಯ ಮೂರನೇ ಗುಂಡಿಯನ್ನು ಬೇರೆ ದಾರದಲ್ಲಿ ಹೊಲಿದಿದ್ದಾರೆ ಎಂಬುದು. ಅವತ್ತಿನಿಂದ ತಾನು ಗುಂಡಿ ಇಲ್ಲದ ಬನಿಯನ್ನೇ ನಂಬಿಕೊಂಡಿದ್ದೇನೆ ಎಂದು ಅವರು ನೆಂಟರೆದುರು ಹೇಳಿ ನಗಿಸುತ್ತಿದ್ದರು.

ಆಕೆ ನಿವೃತ್ತಳಾದ ವರ್ಷ, ಅವರಿದ್ದ ಅರವತ್ನಾಲ್ಕು ಮನೆಗಳ ಕಟ್ಟಡದಲ್ಲಿ ಒಂದು ರಗಳೆ ಎದ್ದಿತು. ತಾರಸಿಯ ಮೇಲೆ ಮನೆಗೊಂದರಂತೆ ಡಿಶ್ ನಿಂತು, ಒಗೆದ ಬಟ್ಟೆ ಒಣಹಾಕಲೂ ಜಾಗವಿಲ್ಲದಂತಾಗಿತ್ತು. ಅವನ್ನೆಲ್ಲ ಕಿತ್ತು ಇಡೀ ಕಟ್ಟಡಕ್ಕೆ ಒಂದೇ ಸಂಪರ್ಕ ಪಡೆಯೋಣ ಎಂದು ನಿವಾಸಿಗಳ ಸಭೆ ತೀರ್ಮಾನಿಸಿತು. ಅಲ್ಲಿಯವರೆಗೆ ಎಲ್ಲರೂ ಒಂದೇ ಮಾತು. ಯಾರ ಸಂಪರ್ಕ ಎಂದಾಗ ಮಾತ್ರ ತಲೆಗೊಂದು ಮಾತು. ಪೈಪೋಟಿಯಲ್ಲಿದ್ದದ್ದು ಎರಡು ಡಿಶ್ ಕಂಪನಿಗಳು ಮತ್ತು ಪಕ್ಕದ ರಸ್ತೆಯ ಕೇಬಲ್‌ನವನು. ಎಚ್‌ಡಿ ಚಿತ್ರ ನಮ್ಮದೇ ಚೆನ್ನ ಎಂದು ಮೂವರೂ ಎದೆ ತಟ್ಟಿಕೊಂಡರು.

ಒಂದು ಡಿಶ್ ಕಂಪನಿಗೆ ಏಜೆಂಟಾಗಿದ್ದವನು ದುರ್ಬೀನಕ್ಕನ ಮೈದುನ. ಮಾತು ಬಲ್ಲವನು, ಹನ್ನೆರಡು ವರ್ಷದಿಂದ ಅದೇ ವ್ಯಾಪಾರ. ಮೂರನ್ನೂ ಒಟ್ಟಿಗೆ ಇಟ್ಟು ನೋಡೋಣ, ನಮ್ಮ ಅತ್ತಿಗೆಯೇ ತೀರ್ಪು ಹೇಳಲಿ ಎಂದು ಅವನೇ ಮುಂದೆ ಬಿದ್ದ. ಅತ್ತಿಗೆ ತನ್ನನ್ನು ಬಿಟ್ಟುಕೊಡಲಾರರು ಎಂಬ ಧೈರ್ಯ ಅವನಿಗೆ. ಆಕೆ ಗಂಡನ ಗುಂಡಿಯನ್ನೇ ಬಿಟ್ಟವಳಲ್ಲ ಎಂಬ ಧೈರ್ಯ ಉಳಿದವರಿಗೆ. ಹಾಗಾಗಿ ಎಲ್ಲರೂ ಒಪ್ಪಿದರು.

ಭಾನುವಾರ ಬೆಳಿಗ್ಗೆ ಕೆಳಗಿನ ಸಭಾಂಗಣದಲ್ಲಿ ಒಂದೇ ಅಳತೆಯ ಮೂರು ಟಿವಿಗಳು ಸಾಲಾಗಿ ಕುಳಿತವು. ಮೂವರೂ ಮೊದಲು ತಮ್ಮ ತಮ್ಮ ಜಾಹೀರಾತಿನ ಚಿತ್ರ ಹಾಕಿದರು. ಜೇನುತುಪ್ಪ ನಿಧಾನವಾಗಿ ಸುರಿಯಿತು, ಗಿಳಿ ರೆಕ್ಕೆ ಬಿಚ್ಚಿತು, ಹೂವಿನ ದಳ ಅರಳಿತು. ಮೈದುನನ ಟಿವಿಯಲ್ಲಿ ಕೆಂಪು ಎಂದರೆ ಕೆಂಪು. ಕುಳಿತವರು ಅಲ್ಲೇ ಅವನಿಗೆ ಅರ್ಧ ಗೆಲುವು ಕೊಟ್ಟುಬಿಟ್ಟಿದ್ದರು.

ದುರ್ಬೀನಕ್ಕ ಎದ್ದು ಕಿಟಕಿಯ ಪರದೆಗಳನ್ನು ಎಳೆಸಿದಳು. ಮೂರರಲ್ಲೂ ಒಂದೇ ಚಾನೆಲ್ ಹಾಕಿ ಎಂದಳು. ಹಾಕಿದರು. ಸ್ವಲ್ಪ ಹೊತ್ತು ನೋಡಿ, ಈಗ ವೈರುಗಳನ್ನು ಅದಲುಬದಲು ಮಾಡಿ ಎಂದಳು. ಇದರ ಅಗತ್ಯವಿಲ್ಲ ಎಂದು ಮೈದುನ ಗೊಣಗಿದ. ಆಕೆ ವೈರುಗಳ ಕಡೆ ಬೆರಳು ತೋರಿಸಿದಳು. ವೈರು ಬದಲಾದರೂ ಆ ಕಡುಗೆಂಪು ಮೊದಲಿನ ಟಿವಿಯಲ್ಲೇ ಉಳಿಯಿತು. ಬಣ್ಣ ಬಂದದ್ದು ಆಕಾಶದಿಂದಲ್ಲ, ಮೈದುನ ರಿಮೋಟಿನಲ್ಲಿ ಹೆಚ್ಚಿಸಿಟ್ಟಿದ್ದ. ಸಭಾಂಗಣ ನಗೆಯಿಂದ ತುಂಬಿತು. ಅವನು ಕಿವಿ ಕೆಂಪು ಮಾಡಿಕೊಂಡು, ವೈರುಗಳನ್ನು ಮೊದಲಿನಂತೆ ಜೋಡಿಸಿ, ಎಲ್ಲ ಟಿವಿಗಳನ್ನೂ ಒಂದೇ ಹದಕ್ಕೆ ತಂದ.

ಆಮೇಲೆ ಬಂದದ್ದು ಕಾಡುಪ್ರಾಣಿಗಳ ಚಾನೆಲ್. ಎಲ್ಲಿಯದೋ ಒಂದು ದೊಡ್ಡ ಕೆರೆ, ಮುಂಜಾವಿನ ಬೂದು ಬೆಳಕು, ನೀರಿನ ಮೇಲೆ ಲೆಕ್ಕವಿಲ್ಲದಷ್ಟು ಹಕ್ಕಿಗಳು. ಒಂದು ಹಕ್ಕಿ ಎದ್ದಿತು. ಕೇಬಲ್ ಟಿವಿಯಲ್ಲಿ ಎದ್ದ ಹಕ್ಕಿ, ಎರಡು ಕ್ಷಣ ಬಿಟ್ಟು ಪಕ್ಕದ ಟಿವಿಯಲ್ಲಿ ಎದ್ದಿತು, ಇನ್ನೊಂದು ಕ್ಷಣ ಬಿಟ್ಟು ಮೈದುನನ ಟಿವಿಯಲ್ಲಿ. ಡಿಶ್‌ನವರು ಚಿತ್ರವನ್ನು ಇನ್ನೊಮ್ಮೆ ಮಡಿಸಿ, ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಕ್ಕೆ ಕಳಿಸಿ, ಅಲ್ಲಿಂದ ಇಳಿಸಿ, ಮತ್ತೆ ಬಿಚ್ಚಲು ಅಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಬಲ್‌ನವನು ಮೆಲ್ಲಗೆ ವಿವರಿಸಿದ. ದಿನಾ ಸಂಜೆ ಕಾಲು ಚಾಚಿ ನೋಡುವ ಧಾರಾವಾಹಿ ಅಷ್ಟು ದೂರ ಹೋಗಿ ಬರುತ್ತದೆಂದು ಅಲ್ಲಿ ಯಾರೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಇಡೀ ಹಿಂಡು ಒಮ್ಮೆಲೇ ಮೇಲೆದ್ದಿತು. ದುರ್ಬೀನಕ್ಕ ಕುರ್ಚಿಯ ಅಂಚಿಗೆ ಸರಿದಳು. ಕೇಬಲ್‌ನಲ್ಲಿ ಹಕ್ಕಿಗಳು ಹಕ್ಕಿಗಳಾಗಿಯೇ ಇದ್ದವು. ಒಂದೊಂದರ ರೆಕ್ಕೆ ಬೇರೆ, ಬಡಿತ ಬೇರೆ, ನೀರಿನಲ್ಲಿ ಬಿದ್ದ ನೆರಳು ಬೇರೆ. ಪಕ್ಕದ್ದರಲ್ಲಿ ಹಿಂಡಿನ ನಡುಭಾಗ ಕಲಸಿಹೋಗಿತ್ತು. ಮೈದುನನದರಲ್ಲಿ ಹಿಂಡು ಚೊಕ್ಕವಾಗಿ ಕಂಡರೂ ನೀರು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಆಕೆ ಮುಕ್ಕಾಲು ಗಂಟೆ ಹಾಗೇ ಕುಳಿತು, ಕೊನೆಗೆ ಕೇಬಲ್ ಮೊದಲನೆಯದು, ಮೈದುನನದು ಎರಡನೆಯದು ಎಂದಳು. ಕೇಬಲ್‌ನವನು ಹಿಗ್ಗಲಿಲ್ಲ. ತನ್ನಲ್ಲಿ ಚಾನೆಲ್‌ಗಳೇ ಕಡಿಮೆ, ಅದಕ್ಕೇ ಒಂದೊಂದಕ್ಕೂ ಹೆಚ್ಚು ಜಾಗ ಸಿಗುತ್ತದೆ, ಇದರಲ್ಲಿ ತನ್ನ ಜಾಣತನ ಏನೂ ಇಲ್ಲ ಎಂದ.

ಜನ ಚದುರಿದ ಮೇಲೂ ಮೈದುನ ವೈರು ಸುತ್ತುತ್ತ ಅಲ್ಲೇ ಉಳಿದ. ಮುಖ ಊದಿಕೊಂಡಿತ್ತು.

"ಅತ್ತಿಗೆ, ನಿಜ ಹೇಳಿ. ನನಗಂತೂ ಏನೂ ವ್ಯತ್ಯಾಸ ಕಾಣಲಿಲ್ಲ."

"ನೀನು ಹಕ್ಕಿ ನೋಡ್ತಿದ್ದೆ. ಹಕ್ಕಿ ನೋಡ್ಬೇಡ. ಹಕ್ಕಿ ಹೋದ ಮೇಲೆ ಆ ಜಾಗದಲ್ಲಿ ಏನು ಉಳಿಯುತ್ತೆ, ಅದನ್ನ ನೋಡು."

ಆಕೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನೂ ಓಡುತ್ತಿದ್ದ ಅವನ ಟಿವಿಯಲ್ಲಿ ಕೆರೆಯ ಎಡದಂಡೆಯ ಜೊಂಡಿನ ಮೇಲೆ ಬೆರಳಿಟ್ಟಳು. ಗಾಳಿ ಬೀಸಿದಾಗಲೆಲ್ಲ ಜೊಂಡಿನ ಗರಿಗಳು ಅಂಟಿಕೊಂಡು ಹಸಿರು ಮುದ್ದೆಯಾಗುತ್ತಿದ್ದವು. ಗಾಳಿ ನಿಂತರೆ ಮತ್ತೆ ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದವು. ಅವನು ಬಗ್ಗಿದ, ಇನ್ನೂ ಬಗ್ಗಿದ, ಆಮೇಲೆ ಉಸಿರು ಎಳೆದುಕೊಂಡು ಹಿಂದಕ್ಕೆ ಒರಗಿದ.

"ಹನ್ನೆರಡು ವರ್ಷ ಮಾರಿದೀನಿ ಅತ್ತಿಗೆ. ಒಂದು ದಿನಾನೂ ನೋಡಿರಲಿಲ್ಲ."

ಕಟ್ಟಡಕ್ಕೆ ಕೇಬಲ್ ಬಂತು. ಮೈದುನನ ಮುನಿಸು ಒಂದು ವಾರವೂ ಬಾಳಲಿಲ್ಲ. ಅವನು ಸಂಜೆ ಹೊತ್ತು ಬಂದು ಅತ್ತಿಗೆಯನ್ನು ಕರೆದೊಯ್ದು ತನ್ನ ಮನೆಯ ಟಿವಿಯ ಮುಂದೆ ಕೂರಿಸಿ, ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡ. ಯಾವ ಚಾನೆಲ್, ಎಷ್ಟು ಗಂಟೆ, ಪರದೆಯ ಯಾವ ಮೂಲೆ, ಏನು ಕೆಟ್ಟಿತು. ಹನ್ನೊಂದು ಪುಟವಾಯಿತು. ಅದನ್ನು ಕಂಪನಿಗೆ ಕಳಿಸಿ ಮರೆತುಬಿಟ್ಟ.

ಎರಡು ತಿಂಗಳಾದ ಮೇಲೆ ಕಂಪನಿಯ ಎಂಜಿನಿಯರ್ ಒಬ್ಬಳು ಫೋನು ಮಾಡಿದಳು. ಈ ಪಟ್ಟಿ ಮಾಡಲು ಯಾವ ಯಂತ್ರ ಬಳಸಿದಿರಿ ಎಂದು ಕೇಳಿದಳು. ಯಂತ್ರವಲ್ಲ, ನಮ್ಮ ಅತ್ತಿಗೆ ಎಂದ ಮೈದುನ. ಅವಳಿಗೆ ನಂಬಿಕೆ ಬರಲಿಲ್ಲ. ಹಾಗಾದರೆ ಕರೆದುಕೊಂಡು ಬನ್ನಿ ಎಂದಳು.

ಊರ ಹೊರಗಿನ ಬಯಲಿನಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ, ಮೂರಂತಸ್ತಿನ ಮನೆಯಷ್ಟು ಎತ್ತರದ ಬಿಳಿ ಡಿಶ್‌ಗಳು ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು. ದುರ್ಬೀನಕ್ಕ ನಡಿಗೆ ನಿಲ್ಲಿಸಿ ಅವು ನೋಡುತ್ತಿದ್ದ ಕಡೆಗೇ ತಲೆಯೆತ್ತಿದಳು. ಖಾಲಿ ಆಕಾಶ. ಅಲ್ಲೊಂದು ಉಪಗ್ರಹ ಇದೆ, ಭೂಮಿಯ ಜೊತೆಗೇ ಸುತ್ತುವುದರಿಂದ ಅದು ಜಾಗ ಬಿಟ್ಟು ಕದಲಿದಂತೆಯೇ ಕಾಣುವುದಿಲ್ಲ ಎಂದಳು ಎಂಜಿನಿಯರ್. ಆಕೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಕಾಣದು ಅಂತ ಗೊತ್ತಿದ್ದೂ ನೋಡಿದಳು ಎಂದು ಮೈದುನ ಆಮೇಲೆ ಅಣ್ಣನಿಗೆ ಹೇಳಿದ.

ಒಳಗೆ ತಣ್ಣಗಿನ ಕೋಣೆ, ಗೋಡೆ ತುಂಬ ಪರದೆಗಳು. ಎಂಜಿನಿಯರ್ ಆಕೆಯನ್ನು ನಡುವಿನ ದೊಡ್ಡ ಪರದೆಯ ಮುಂದೆ ಕೂರಿಸಿದಳು. ಒಂದು ಕ್ರೀಡಾಂಗಣ, ಪಂದ್ಯ ಇನ್ನೂ ಶುರುವಾಗಿರಲಿಲ್ಲ, ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿತ್ತು. ಇದು ನಾವಿನ್ನೂ ಹಿಂಡಿ ಕಿರಿದು ಮಾಡದ ಚಿತ್ರ, ಮನೆಗಳಿಗೆ ಹೀಗೆ ಬರುವುದಿಲ್ಲ ಎಂದಳು.

ದುರ್ಬೀನಕ್ಕ ಅಭ್ಯಾಸಬಲದಿಂದ ಎಡ ಮೂಲೆಯಿಂದ ಹಿಡಿದಳು. ಮನೆಯ ಟಿವಿಯಲ್ಲಿ ಪ್ರೇಕ್ಷಕರೆಂದರೆ ಬಣ್ಣದ ಚುಕ್ಕೆಗಳ ರಾಶಿ. ಇಲ್ಲಿ ಮೇಲಿನ ಕೊನೇ ಸಾಲಿನಲ್ಲಿ ಒಬ್ಬ ಮುದುಕ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಳ್ಳುತ್ತಿದ್ದ. ಅವನ ಪಕ್ಕದ ಹೆಂಗಸು ಏನೋ ಹೇಳಿದಳು, ಅವನು ನಕ್ಕ. ಎರಡು ಸಾಲು ಕೆಳಗೆ ಒಬ್ಬಳು ನಿದ್ದೆಹೋದ ಮಗುವಿನ ಬಾಯಿಗೆ ಅಂಟಿದ್ದ ಕೂದಲನ್ನು ಬಿಡಿಸುತ್ತಿದ್ದಳು. ಅವಳಾಚೆ ಇನ್ನೊಬ್ಬ, ಅವನಾಚೆ ಇನ್ನೊಬ್ಬಳು. ಮುಗಿಯುತ್ತಲೇ ಇರಲಿಲ್ಲ.

"ಇಷ್ಟೂ ಜನ ಇದಾರಾ?" ಎಂದಳು, ಯಾರಿಗೂ ಅಲ್ಲ.

"ನಲವತ್ತು ಸಾವಿರ," ಎಂದಳು ಎಂಜಿನಿಯರ್.

"ಮನೆಗೆ ಎಷ್ಟು ಬರುತ್ತಮ್ಮ?"

"ಮಾಹಿತಿ ಲೆಕ್ಕದಲ್ಲಿ ನೂರಕ್ಕೆ ಒಂದು ಪಾಲು. ಅದಕ್ಕಿಂತ ಕಮ್ಮಿನೂ ಇರಬಹುದು. ಉಳಿದದ್ದನ್ನ ಬಿಟ್ಟಿದೀವಿ ಅಂತ ಗೊತ್ತಾಗದ ಹಾಗೆ ಬಿಡೋದೇ ನಮ್ಮ ಕೆಲಸ."

ದುರ್ಬೀನಕ್ಕ ಅವಳ ಕಡೆ ತಿರುಗಿದಳು. ಇಷ್ಟು ದಿನ ತಾನು ಪಟ್ಟಿ ಮಾಡಿದ್ದೆಲ್ಲ ಆ ಒಂದು ಪಾಲಿನಲ್ಲಿ ಹರಿದ ಎಳೆಗಳು. ಅಷ್ಟು ಚೂರಿನಲ್ಲಿ ಹಕ್ಕಿ ಹಾರುವಂತೆ, ಕೆರೆ ಅಲೆಯೇಳುವಂತೆ ಮಾಡಿದವರು ಇಲ್ಲಿ ಕುಳಿತಿದ್ದರು.

"ಒಂದು ಪಾಲಿನಲ್ಲಿ ಅಷ್ಟು ತೋರಿಸಿದ್ರಾ ತಾಯಿ ನೀವು?" ಎಂದಳು. ಎಂಜಿನಿಯರ್ ಹಾಗೊಂದು ಮೆಚ್ಚುಗೆಯನ್ನು ಯಾರಿಂದಲೂ ಕೇಳಿದವಳಲ್ಲ. ಆಕೆಗೆ ನೀರು ತರಲು ಎದ್ದಳು.

ಆ ಹನ್ನೊಂದು ಪುಟಗಳಲ್ಲಿ ಆರು ಪುಟದ ದೋಷಗಳನ್ನು ಕಂಪನಿ ಮುಂದಿನ ತಿಂಗಳುಗಳಲ್ಲಿ ಸರಿಪಡಿಸಿತು. ಅವತ್ತು ಮಾತ್ರ ಎಂಜಿನಿಯರ್ ಕಾಗದ, ಪೆನ್ನು ಮುಂದಿಟ್ಟರೂ ದುರ್ಬೀನಕ್ಕ ಮುಟ್ಟಲಿಲ್ಲ. ಪಂದ್ಯ ಶುರುವಾಗಿ ಕ್ಯಾಮೆರಾ ಆಟಗಾರರ ಕಡೆ ಹೋದಾಗಲೆಲ್ಲ ಆಕೆ ಸುಮ್ಮನೆ ಕಾಯುತ್ತಿದ್ದಳು. ಜನ ಮತ್ತೆ ಕಂಡಾಗ ಮುಂದಕ್ಕೆ ಬಾಗುತ್ತಿದ್ದಳು. ಮೈದುನ ಎರಡು ಸಲ ಹೊರಡೋಣವೇ ಎಂದು ಕೇಳಿದ. ಮೂರನೇ ಸಲ ಕೇಳದೆ ಪಕ್ಕದ ಕುರ್ಚಿ ಎಳೆದುಕೊಂಡು, ಆಕೆ ಬೆರಳು ತೋರಿಸಿದ ಸಾಲಿನಿಂದ ತಾನೂ ಒಬ್ಬೊಬ್ಬರನ್ನೇ ನೋಡತೊಡಗಿದ.