ಪಾಲಾದ ಬಂಡೆ

ಬಣ್ಣಗಾರರ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಹಂಡೆ, ನೂಲು, ಕೋಣೆ ಎಲ್ಲವೂ ಜಗಳವಿಲ್ಲದೆ ಪಾಲಾದವು. ಹಿತ್ತಿಲ ಬಂಡೆಗೂ ನಡುವೆ ಗೆರೆ ಎಳೆದರು. ಅದರ ಮೇಲಿನ ಬೂದು ಕಲ್ಲುಹೂವನ್ನು ಕೆರೆದು, ಹಳಸಿದ ಉಚ್ಚೆಯಲ್ಲಿ ವಾರಗಟ್ಟಲೆ ನೆನೆಸಿದರೆ ನೇರಳೆ ಬಣ್ಣ ಬಿಡುತ್ತಿತ್ತು. ಮನೆಗೆ ಹೆಸರು ಬಂದದ್ದು ಆ ಬಣ್ಣದಿಂದ, ನೆಂಟರು ಬಾರದೆ ಹೋದದ್ದು ಆ ನಾತದಿಂದ.

ಅಪ್ಪನ ಕಾಲದಲ್ಲಿ ಬಂಡೆಯ ಒಂದು ಮಗ್ಗುಲು ಕೆರೆದರೆ ಇನ್ನೊಂದು ಮಗ್ಗುಲಿಗೆ ವರ್ಷಗಟ್ಟಲೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಪಾಲಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದೇ ಮಗ್ಗುಲು. ತನ್ನ ಪಾಲನ್ನು ಬರಿದೇ ಬಿಡಲು ಯಾರಿಗೆ ಮನಸ್ಸು ಬಂದೀತು? ಕಲ್ಲುಹೂವು ಬೆಳೆಯುವುದು ವರ್ಷಕ್ಕೆ ಉಗುರಿನ ಅಂಚಿನಷ್ಟು. ಬಂಡೆ ಬೋಳಾಯಿತು.

ಉಳಿದದ್ದು ಅಣ್ಣನ ಹೆಂಡತಿಯ ಡಬ್ಬಿಯಲ್ಲಿದ್ದ ಒಂದು ಹಿಡಿ. “ಹಂಡೆಗೆ ಹಾಕಿದ್ರೆ ಒಂದು ಶಾಲಿಗೆ ಮುಗೀತು. ಈ ಬಣ್ಣ ನಮ್ಮ ಕೈಯಲ್ಲೇ ಸಾಯೋದು ಬೇಡ” ಎಂದು ಅದನ್ನು ಕುಟ್ಟಿ ಪುಡಿ ಮಾಡಿ, ಕಲಸಿ, ಮತ್ತೆ ಬೆಳೆಯಲೆಂದು ಗೆರೆ ನೋಡದೆ ಬಂಡೆಗೆಲ್ಲ ಬಳಿದಳು. ದಿನಾ ಎರಡು ಹೊತ್ತು ನೀರು ಹುಯ್ದಳು.

“ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ ಅಂತ ಗಾದೆ ಕೇಳಿದ್ದೆ ಅತ್ತಿಗೆ, ಕಣ್ಣಾರೆ ಈಗ ನೋಡಿದೆ” ಎಂದ ಮೈದುನ.

“ನಗಪ್ಪಾ, ನಗು. ನಾಳೆ ಪಾಲು ಕೇಳ್ಕೊಂಡು ಬರ್ತೀಯಲ್ಲ, ಆಗ ನಾನು ನಗ್ತೀನಿ.”

ನಗುತ್ತಲೇ ಅವನೂ ಕೊಡ ಹೊತ್ತ.

ಒಂದು ಬೆಳಿಗ್ಗೆ ಬಂಡೆ ಹಸಿರಾಗಿತ್ತು. “ಬಂತು, ಬನ್ರೀ!” ಎಂದು ಅವಳು ಕೂಗಿದಳು. ಗಂಡ ಬಂದು ಉಗುರಿನಲ್ಲಿ ಕೆರೆದು, ಬೆರಳ ನಡುವೆ ಉಜ್ಜಿ ನೋಡಿದ. ಲೋಳೆ.

“ಬರೀ ಪಾಚಿ ಕಣೇ ಇದು.”

“ಕಲ್ಲುಹೂವಿನ ಒಳಗೂ ಪಾಚಿ ಇರುತ್ತಲ್ರೀ?”

“ಇರುತ್ತೆ. ಅಡುಗೆ ಮಾಡೋದು ಪಾಚಿ, ಅದಕ್ಕೆ ಮನೆ ಕಟ್ಟೋದು ಬೂಷ್ಟು. ನಮ್ಮ ಬಣ್ಣ ಬರೋದು ಬೂಷ್ಟಿಂದ. ನೆನೆಯೋದು, ಒಣಗೋದು ಎರಡೂ ಇದ್ರೇನೇ ಅವೆರಡರ ಸಂಸಾರ. ನೀನು ಒಣಗೋಕೇ ಬಿಡ್ಲಿಲ್ಲ.”

“ಈಗ ನೀರು ನಿಲ್ಸಿದ್ರೆ?” ಎಂದ ತಮ್ಮ.

“ಬೂಷ್ಟು ಕೊಳೆತು ತೊಳೆದು ಹೋಯ್ತು. ಇನ್ನು ಯಾವುದನ್ನ ಒಣಗಿಸ್ತೀಯೋ?”

ತಮ್ಮ ಕೊಡ ಕೆಳಗಿಟ್ಟ.

ಮಾರನೆಯ ಬೆಳಿಗ್ಗೆ ಅವಳು ಮತ್ತೆ ಕೊಡ ಎತ್ತಿದಳು. “ಇನ್ನೇನಕ್ಕೇ?” ಎಂದ ಗಂಡ.

“ಪಾಚಿಯಾದ್ರೂ ಬದುಕಿದೆಯಲ್ಲ. ಅದನ್ನೂ ನಾನೇ ಕೊಲ್ಲಬೇಕಾ?”

ಅವನು ಕೊಡ ಇಸಿದುಕೊಂಡ. “ಜಾರುತ್ತೆ. ನೀನು ಕೆಳಗೇ ನಿಲ್ಲು.”