ಇಲಿಗೆ ಕೇಳಬಾರದು

ಪಾಣೆಮಂಗಳೂರಿನ ಹಳೆ ಪೇಟೆಯಲ್ಲಿ ಒಂದೇ ಹೆಂಚಿನ ಮಾಡಿನ ಕೆಳಗೆ ಆರು ಅಂಗಡಿಗಳಿವೆ. ನಡುವಿನ ಗೋಡೆಗಳು ಮಾಡಿನವರೆಗೆ ಏರಿಲ್ಲ. ಒಂದು ಅಂಗಡಿಯಲ್ಲಿ ಓಡಿಸಿದ ಇಲಿ ಗೋಡೆ ಹತ್ತಿ ಇನ್ನೊಂದಕ್ಕೆ ಇಳಿಯುತ್ತದೆ.

ಶಶಿಪ್ರಭಾಳ ಕ್ಯಾಂಟೀನು ಒಂದು ತುದಿಯಲ್ಲಿದೆ. ಅಲ್ಲಿಯ ಗೋಳಿಬಜೆಗೆ ಬಸ್ಸಿನವರು, ಬ್ಯಾಂಕಿನವರು ಬರುತ್ತಾರೆ. ಬಜೆ ಇಡುವ ಗಾಜಿನ ಪೆಟ್ಟಿಗೆಯ ಮೇಲೆ ಇಲಿ ಕೂತ ವೀಡಿಯೊವನ್ನು ಯಾರೋ ವಾಟ್ಸ್ಯಾಪಿಗೆ ಹಾಕಿದರು. ಪುರಸಭೆಯ ಆರೋಗ್ಯ ನಿರೀಕ್ಷಕರು ಬಂದು ನೋಡಿದರು. ಸ್ವಲ್ಪ ದಿನ ಬಿಟ್ಟು ಮತ್ತೆ ಬರುತ್ತೇನೆ, ಆಗಲೂ ಹಿಕ್ಕೆ ಕಂಡರೆ ಬೀಗ ಹಾಕಿಸುತ್ತೇನೆ ಎಂದರು. ಅವಳಿಗೆ ಬೇರೆ ಆದಾಯವಿರಲಿಲ್ಲ.

ಇಲಿ, ಗೆದ್ದಲಿಗೆ ಮದ್ದು ಹಾಕುವ ಲತೇಶನನ್ನು ಬಂಟ್ವಾಳದಿಂದ ಕರೆಸಿದಳು. ಅವನು ಟಾರ್ಚು ಬಿಟ್ಟು ಮಾಡಿನ ಒಳಗೆ ನೋಡಿದ.

“ನಿಮ್ಮ ಒಂದು ಅಂಗಡಿಗೆ ಇಟ್ಟು ಪ್ರಯೋಜನ ಇಲ್ಲ ಅಕ್ಕ. ಆರಕ್ಕೂ ಒಂದೇ ದಿನ ಇಡುವ. ಮತ್ತೆ ಈ ಇಲಿ ಪಾಷಾಣ—”

“ಶ್! ಇಲ್ಲಿ ಬೇಡ. ರಸ್ತೆಗೆ ಬಾ.”

ವಿಷದ ಮಾತನ್ನು ಮಾಡಿನ ಕೆಳಗೆ ಆಡಬಾರದು, ಇಲಿಗೆ ಕೇಳಿದರೆ ಅದು ಮುಟ್ಟುವುದಿಲ್ಲ, ಸಿಟ್ಟಿಗೆ ಬಟ್ಟೆಯನ್ನೂ ಕಡಿಯುತ್ತದೆ ಎಂದು ಅವಳ ಮನೆಯಲ್ಲಿ ಎಲ್ಲರೂ ನಂಬಿದ್ದರು. ಬಿ.ಕಾಂ. ಮಾಡಿದ ಮೇಲೂ ಅವಳು ನಂಬುತ್ತಿದ್ದಳು.

ಲತೇಶ ಉಳಿದದ್ದನ್ನು ಲಾರಿಗಳ ಸದ್ದಿನ ನಡುವೆ ಹೇಳಿದ. “ತಿಂದ ಇಲಿ ಕೂಡಲೇ ಸಾಯುವುದಿಲ್ಲ. ನಾಲ್ಕೈದು ದಿನ ಕುಡಿದವರ ಹಾಗೆ ತಿರುಗ್ತದೆ. ಅಂಥದ್ದನ್ನು ತಿಂದರೆ ಬೆಕ್ಕೂ ಹೋಗ್ತದೆ. ಬೆಕ್ಕು ಇದ್ದವರು ಮನೆಗೆ ಒಯ್ಯಲಿ. ಎಲ್ಲರಿಗೂ ಹೇಳಿ.”

ಬೆಕ್ಕು ಇದ್ದದ್ದು ಮೂರನೇ ಅಂಗಡಿಯಲ್ಲಿ ಒಣಮೀನು ಮಾರುವ ರುಖಿಯಮ್ಮನಿಗೆ ಮಾತ್ರ. ಅದು ಗೋಣಿಗಳ ಮೇಲೆ ಮಲಗುತ್ತಿತ್ತು. ಅದು ಬಂದ ಮೇಲೆ ಮುದುಕಿಯ ಒಂದು ಗೋಣಿಗೂ ತೂತು ಬಿದ್ದಿರಲಿಲ್ಲ.

ಉಳಿದವರಿಗೆ ಶಶಿಪ್ರಭಾ ವಾಟ್ಸ್ಯಾಪಿನಲ್ಲಿ ಬರೆದಳು. ರುಖಿಯಮ್ಮನಿಗೆ ಓದಲು ಬರುವುದಿಲ್ಲ. ವಾಯ್ಸ್ ಕಳಿಸಿದರೆ ಅಂಗಡಿಯಲ್ಲೇ ಕೂತು ಇಡೀ ಪೇಟೆಗೆ ಕೇಳುವ ಹಾಗೆ ಹಾಕುತ್ತಾಳೆ. ಹೊರಗೆ ಕರೆದೇ ಹೇಳಬೇಕು.

ಮದ್ದು ಇಡಬೇಕಾದ ಶನಿವಾರವೇ ರುಖಿಯಮ್ಮನಿಗೆ ಮಲ್ಪೆಯಿಂದ ಮೀನಿನ ಲೋಡು ಬಂದಿತ್ತು.

“ರುಖಿಯಮ್ಮ, ಸ್ವಲ್ಪ ರಸ್ತೆಗೆ ಬನ್ನಿ.”

“ಎಂತ? ಇಲ್ಲೇ ಹೇಳು.”

“ಇಲ್ಲಿ ಹೇಳುವ ಹಾಗಿಲ್ಲ.”

“ಹಾಗಾದ್ರೆ ನನಗೆ ಕೇಳುವುದೂ ಬೇಡ ಮಾರಾಯ್ತಿ. ಯಾರ ಮದುವೆ, ಯಾರು ಓಡಿಹೋದದ್ದು, ಎಲ್ಲ ನನಗೆ ಎಂತಕ್ಕೆ? ಕಾಲು ನೋಯ್ತದೆ, ಹೋಗು.”

ಸಂಜೆ ಹೇಳಿದರಾಯಿತು ಎಂದು ಶಶಿಪ್ರಭಾ ಮರಳಿದಳು. ಸಂಜೆ ಕ್ಯಾಂಟೀನಿನಲ್ಲಿ ಗಿರಾಕಿಗಳಿದ್ದಾಗ ಮುದುಕಿ ಮಗನ ಸ್ಕೂಟರ್ ಹತ್ತಿ ಹೋದಳು. ಲತೇಶ ಏಣಿ ತಂದ.

“ಎಲ್ಲರಿಗೂ ಹೇಳಿದ್ರಾ?”

ಅವಳು ಹೌದೆಂದು ತಲೆಯಾಡಿಸಿದಳು. ಅವನು ಗೋಡೆಗಳ ಮೇಲೆ, ಆರೂ ಅಂಗಡಿಗಳ ನೆತ್ತಿಗೆ ಪಾಷಾಣದ ನೀಲಿ ಕೇಕುಗಳನ್ನಿಟ್ಟ.

ಮರುದಿನ ಹೇಳಬಹುದಿತ್ತು. ಆದರೆ ಇಲಿಗಳು ತಿನ್ನಲು ಶುರುಮಾಡಿದ್ದವು. ಈಗ ಮಾತು ಕೇಳಿಸಿ ಅವು ಬಿಟ್ಟರೆ? ಅವಳು ಮೂರನೇ ಅಂಗಡಿಯ ಕಡೆ ಹೋಗಲಿಲ್ಲ.

ವಾರದ ನಡುವೆ ರುಖಿಯಮ್ಮ ಚಾಕ್ಕೆ ಬಂದಳು. “ನಮ್ಮವಳು ಈಗ ದಿನಕ್ಕೆ ಎರಡು ಹಿಡೀತಾಳೆ ಗೊತ್ತುಂಟಾ? ಇಲಿಗಳು ಓಡುವುದೇ ಇಲ್ಲ, ಅವಳನ್ನು ಕಂಡು ಅಷ್ಟು ಹೆದರಿಕೆ. ನಿನ್ನ ಕಡೆಯದ್ದನ್ನೂ ಅವಳೇ ಮುಗಿಸ್ತಾಳೆ. ಒಂದು ಬಂಗುಡೆ ಆದ್ರೂ ಕೊಡು ಅವಳಿಗೆ.”

ಶಶಿಪ್ರಭಾ ಚಾಕ್ಕೆ ಸಕ್ಕರೆ ಹಾಕಿದಳು.

ನಿರೀಕ್ಷಕರು ಬಂದರು. ಪೆಟ್ಟಿಗೆಯ ಹಿಂದೆ, ಹಿಟ್ಟಿನ ಡಬ್ಬಿಗಳ ಸಂದಿಯಲ್ಲಿ ನೋಡಿದರು. ಹಿಕ್ಕೆ ಸಿಗಲಿಲ್ಲ. ಒಂದು ಚಾ ಕುಡಿದು, ದುಡ್ಡು ಕೊಟ್ಟು ಹೋದರು.

ಅದೇ ಮಧ್ಯಾಹ್ನ ಸತ್ತ ಇಲಿಗಳನ್ನು ಚೀಲಕ್ಕೆ ತುಂಬುತ್ತಾ ಹೋದ ಲತೇಶ ಮೂರನೇ ಅಂಗಡಿಯಲ್ಲಿ ನಿಂತ. ಬೆಕ್ಕು ಗೋಣಿಯ ಮೇಲೆ ಬಿದ್ದಿತ್ತು. ಮೂಗಿನಲ್ಲಿ ರಕ್ತ. ಉಸಿರಿರಲಿಲ್ಲ.

“ಮನೆಗೆ ಒಯ್ಯಲಿಲ್ವಾ ಇದನ್ನು? ನಿಮಗೆ ಹೇಳಿದ್ದರಲ್ಲ?”

“ಯಾರು? ಎಂತ ಹೇಳಿದ್ದು?” ಎಂದಳು ರುಖಿಯಮ್ಮ. ಅವನು ಹೇಳಿದ.

ಚಾದ ಹೊತ್ತಿಗೆ ಕ್ಯಾಂಟೀನಿನ ಮೇಜುಗಳೆಲ್ಲ ತುಂಬಿದ್ದವು. ರುಖಿಯಮ್ಮ ಗೋಣಿಯಲ್ಲಿ ಸುತ್ತಿದ ಬೆಕ್ಕನ್ನು ಹಿಡಿದು ಒಳಗೆ ಬಂದಳು.

“ನನಗೆ ಯಾಕೆ ಹೇಳಲಿಲ್ಲ?”

“ಹೊರಗೆ ಕರೆದೆ, ನೀವು ಬರಲಿಲ್ಲ,” ಶಶಿಪ್ರಭಾ ದನಿ ತಗ್ಗಿಸಿದಳು. “ಇಲ್ಲಿ ಹೇಳಿದರೆ ಇಲಿಗೆ ಕೇಳ್ತದೆ ಅಂತ.”

“ಇಲಿಗೆ ಕೇಳಬಾರದು. ಸರಿ. ಇವರಿಗೆ ಕೇಳಬಹುದಲ್ಲ?” ಮುದುಕಿ ಮೇಜುಗಳ ಕಡೆ ತಿರುಗಿದಳು. “ಇಲಿ ಪಾಷಾಣ ಇಟ್ಟಿದ್ದಾಳೆ. ನಿಮ್ಮ ತಲೆ ಮೇಲೆಯೇ ಉಂಟು. ನನ್ನ ಬೆಕ್ಕು ಸತ್ತಿತು. ತಿನ್ನಿ, ತಿನ್ನಿ.”

ಬ್ಯಾಂಕಿನವನೊಬ್ಬ ಬಾಯಿಯಲ್ಲಿದ್ದ ಬಜೆಯನ್ನು ಕೈಗೆ ಉಗುಳಿದ. ಬೆಂಚುಗಳು ಹಿಂದೆ ಸರಿದವು. ಗೋಡೆಯ ಮೇಲೆ ಇಟ್ಟದ್ದು ಹಿಟ್ಟಿಗೆ ಬೀಳುವುದಿಲ್ಲ ಎಂದು ಶಶಿಪ್ರಭಾ ಹೇಳುತ್ತಿದ್ದಳು, ಗಟ್ಟಿಯಾಗಿಯೇ ಹೇಳುತ್ತಿದ್ದಳು. ತಟ್ಟೆಗಳಲ್ಲಿ ಅರ್ಧ ಕಚ್ಚಿದ ಬಜೆಗಳು ಉಳಿದವು.

ಬ್ಯಾಂಕಿನವರು ಮತ್ತೆ ಬರಲಿಲ್ಲ. ಬಸ್ಸಿನವರು ಬಂದರು, ಚಾ ಮಾತ್ರ ಕುಡಿದರು.

ತಿಂಗಳು ಕಳೆಯುವಾಗ ಹೊಳೆ ಬದಿಯಿಂದ ಹೊಸ ಇಲಿಗಳು ಹತ್ತಿದವು. ರುಖಿಯಮ್ಮನ ಗೋಣಿಗಳಿಗೆ ತೂತು ಬಿತ್ತು. ಲತೇಶ ಎರಡನೇ ಸುತ್ತಿಗೆ ಏಣಿ ತಂದಾಗ ಶಶಿಪ್ರಭಾ ಒಂದೊಂದೇ ಅಂಗಡಿಯ ಒಳಗೆ ಹೋಗಿ ಹೇಳಿದಳು. ಮೂರನೆಯದರಲ್ಲಿ ಮಾಡಿನ ಕೆಳಗೇ ನಿಂತು, ದನಿ ಏರಿಸಿ ಹೇಳಿದಳು: “ರುಖಿಯಮ್ಮ, ಇವತ್ತು ಇಲಿಗೆ ವಿಷ ಇಡ್ತೇವೆ.”

ರುಖಿಯಮ್ಮ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ಬೊಬ್ಬೆ ಯಾಕೆ ಹಾಕ್ತಿ? ಮನೆಗೆ ಒಯ್ಯಲಿಕ್ಕೆ ಇಲ್ಲಿ ಎಂತ ಉಂಟು?”

ಮರುದಿನ ಬೆಳಿಗ್ಗೆ ಲತೇಶ ಗೋಡೆಗಳ ಮೇಲೆ ಟಾರ್ಚು ಬಿಟ್ಟ. ಇಲಿಗಳು ಎಲ್ಲ ಕೇಕುಗಳನ್ನೂ ತಿಂದಿದ್ದವು.