ಹೊಗೆಯಿಲ್ಲದ ಕೆಂಡ

ಕಾಲರು ಹಳದಿಗಟ್ಟಿದೆಯೋ ಬೆಳಕೇ ಹಳದಿಯೋ — ಬೆಳಕೇ ಇರಬೇಕು, ವಾರದಿಂದ ಬೆಳಗೂ ಹೀಗೇ ಬೈಗೂ ಹೀಗೇ, ಗಾಜಿನಾಚೆ ಬೀದಿಯೆಲ್ಲ ಸೋಸದ ಚಹಾದ ಬಣ್ಣ, ಅವಳು ಅಂಗಿ ಮಗುಚಿ ಹಾಕಿ ನೀರು ಚಿಮುಕಿಸಿದಳು, ಇಸ್ತ್ರಿ ಪೆಟ್ಟಿಗೆ ಎತ್ತಿದಳು, ಎಂದೂ ಇಷ್ಟು ಭಾರವಿರಲಿಲ್ಲ ಇದು, ಕಬ್ಬಿಣ ಅದೇ, ಕೆಂಡ ಅದೇ, ತೋಳು ಮಾತ್ರ ತನ್ನದಲ್ಲದ ಹಾಗೆ, ಸಾಕಾಗಿದೆ, ಈ ಹಾಳು ಹೊಗೆ ಬಂದಾಗಿನಿಂದ ಸಾಕಾಗಿ ಹೋಗಿದೆ, ಸಮುದ್ರದಾಚೆ ಯಾವುದೋ ದೇಶದಲ್ಲಿ ಹೊಸ ತೋಟ ಹಾಕಲಿಕ್ಕೆ ಕಾಡಿಗೆ ಬೆಂಕಿ ಇಟ್ಟಿದ್ದಾರಂತೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಅಲ್ಲಿ ಮರ ಸುಟ್ಟರೆ ಇಲ್ಲಿ ಅತ್ತೆಗೆ ಕೆಮ್ಮು, ಬೀದಿಯಲ್ಲಿ ಇಸ್ತ್ರಿ ಗಾಡಿ ನಿಲ್ಲಿಸಿದರೆ ಬಿಳಿ ಬಟ್ಟೆಯ ಮೇಲೆಲ್ಲ ಬೂದಿ, ಏನಮ್ಮಾ ಇಸ್ತ್ರಿಗೆ ಕೊಟ್ರೆ ಕೊಳೆ ಮಾಡಿ ಕೊಡ್ತೀಯಲ್ಲ, ಅಂದ ಬಟ್ಟೆ ಕೊಡುವ ದರ್ಜಿ, ಅದಕ್ಕೇ ಮೇಜು ಒಳಗೆ ಬಂತು, ಅತ್ತೆಯ ಮಂಚದ ಪಕ್ಕಕ್ಕೆ, ಇರುವುದೇ ಒಂದು ಕೋಣೆ, ಕರೆಂಟಿನ ಪೆಟ್ಟಿಗೆ ಹಾಕಿದರೆ ಫ್ಯೂಸು ಹಾರುತ್ತದೆ, ಕೆಂಡವೇ ಗತಿ, ಹಾಗಂತ ಅವಳೇನು ದಡ್ಡಿಯಲ್ಲ, ಇದ್ದಿಲು ಹೊತ್ತಿಸುವುದು ಹೊರಗೆ ಮೆಟ್ಟಿಲ ಮೇಲೆ, ಹೊಗೆಯೆಲ್ಲ ಅಡಗಿ ಕೆಂಡ ನಿಗಿನಿಗಿ ಅಂದ ಮೇಲೇ ಒಳಗೆ ತರುವುದು, ಒಂದೆಳೆ ಹೊಗೆ ಬಿಟ್ಟಿಲ್ಲ, ಡಾಕ್ಟರೂ ಕೇಳಿದ್ದರು, ಮನೇಲಿ ಸೌದೆ ಒಲೆ ಉರಿಸ್ತೀರಾ, ಇಲ್ಲ ಡಾಕ್ಟ್ರೇ, ಗ್ಯಾಸಿದೆ, ಒಳ್ಳೇದು, ಹಾಗಾದ್ರೆ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿಡಿ, ಹೊರಗಿನ ಹೊಗೆ ಅವರ ಶ್ವಾಸಕೋಶಕ್ಕೆ ವಿಷ, ಅಂದದ್ದೇ ತಡ ಅಗಲದ ಟೇಪು ತಂದು ಕಿಟಕಿಯ ಸುತ್ತಲೂ ಅಂಟಿಸಿದಳು, ಒಂದರ ಮೇಲೊಂದು, ಬಾಗಿಲ ಕೆಳಗೆ ಒದ್ದೆ ಗೋಣಿ, ಇಸ್ತ್ರಿಯವಳ ಕೈ ತಾನೇ, ಟೇಪಿನಲ್ಲೂ ಒಂದು ಸುಕ್ಕಿಲ್ಲ.

ಅತ್ತೆಗೆ ಅದೇ ಆಗದು, ಬೆಳಗ್ಗೆಯಿಂದ ಒಂದೇ ರಾಗ, ಕಿಟಕಿ ತೆಗಿಯೇ, ತಲೆ ಸಿಡೀತಿದೆ, ಒಂಚೂರು ತೆಗಿಯೇ — ಹೊಗೆ ಬರತ್ತೆ ಅತ್ತೆ, ಡಾಕ್ಟ್ರು ಬೈತಾರೆ, ನಿಮ್ಮ ಒಳ್ಳೇದಕ್ಕೇ ಅಲ್ವಾ — ನನ್ನ ಒಳ್ಳೇದು ನನಗ್ಗೊತ್ತಿಲ್ವೇನೇ, ಗೊತ್ತು ಗೊತ್ತು, ಅವರಿಗೆ ಬೇಕಾದ್ದು ಗಾಳಿಯಲ್ಲ, ಬೀದಿಯ ಸುದ್ದಿ, ಯಾರು ಯಾರ ಜೊತೆ ಹೋದರು, ಯಾರ ಮನೆಗೆ ಹೊಸ ಸೋಫಾ ಬಂತು, ಕಿಟಕಿ ಮುಚ್ಚಿದರೆ ಅತ್ತೆಗೆ ಪೇಪರು ನಿಂತ ಹಾಗೆ, ಅಂದುಕೊಂಡು ನಕ್ಕಳು, ನಗುವುದಕ್ಕೂ ಆಯಾಸ, ತಿರುಗಿ ನೋಡಿದರೆ ಅತ್ತೆ ಮಂಚದಲ್ಲೇ ಗೋಡೆಗೆ ಒರಗಿ ಕೈ ಚಾಚಿ ಉಗುರಿನಿಂದ ಟೇಪಿನ ಅಂಚು ಕೆರೆಯುತ್ತಿದ್ದಾರೆ, ಕರಕರ ಕರಕರ, ಏನತ್ತೆ ಇದು, ಚಿಕ್ಕ ಮಕ್ಕಳ ಹಾಗೆ, ಅಂತ ಕೈ ಹಿಡಿದು ಕೆಳಗಿಟ್ಟಳು, ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಕೂರಿಸಿದಳು, ಸ್ವಲ್ಪ ಹೊತ್ತಿಗೆ ಮತ್ತೆ ಕರಕರ, ಈ ಸಲ ಗದರಿಸಿಬಿಟ್ಟಳು, ನೀವು ಸತ್ರೆ ನಿಮ್ಮ ಮಗನಿಗೆ ಯಾರು ಉತ್ತರ ಹೇಳೋದು, ಅಂದಳು, ಅನ್ನಬಾರದಿತ್ತು, ನಾಲಿಗೆಗೆ ಎಲುಬಿಲ್ಲ, ಗಂಡ ಲಾರಿ ಹೊಡೆದುಕೊಂಡು ಎಲ್ಲಿದ್ದಾನೋ, ಫೋನಿನಲ್ಲಿ ಒಂದೇ ಮಾತು, ಅಮ್ಮನ್ನ ನೋಡ್ಕೋ ಕಣೇ, ನೋಡಿಕೊಳ್ಳದೆ ಇನ್ನೇನು ಮಾಡುತ್ತಿದ್ದಾಳೆ ಇವಳು, ಅಂಗಿ ಆಯಿತು, ಇನ್ನು ಡಾಕ್ಟರ ಬಿಳಿ ಕೋಟು, ಇದಕ್ಕೆ ಕೆಂಡ ಸಾಲದು, ಇನ್ನೊಂದಿಷ್ಟು ತಂದು ತುಂಬಿದಳು, ಗೋಣಿ ಮತ್ತೆ ಬಾಗಿಲ ಸಂದಿಗೆ ಒದ್ದಳು, ಅತ್ತೆ ಸುಮ್ಮನಾದರು, ಅಬ್ಬಾ, ಕೊನೆಗೂ ನಿದ್ದೆ ಹತ್ತಿತು, ಕೆಮ್ಮೂ ಇಲ್ಲ ಕರಕರವೂ ಇಲ್ಲ, ಪುಣ್ಯ.

ಎಷ್ಟು ನಿಶ್ಶಬ್ದ, ತೋಳು ತಾನಾಗಿ ಆಚೆಗೂ ಈಚೆಗೂ ಹೋಗುತ್ತಿದೆ, ತಲೆಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದಾರೆ, ಒಂದು ಗಳಿಗೆ ಮೇಜಿಗೆ ಒರಗಿದರೆ ಏನಾದೀತು, ಒರಗಿದಳು, ಕಣ್ಣು ಮುಚ್ಚಿತು, ಸುಟ್ಟ ವಾಸನೆ — ಅಯ್ಯೋ, ಕೋಟು, ಬೆನ್ನಿನ ಮೇಲೆ ಪೆಟ್ಟಿಗೆಯ ಅಚ್ಚು ಕಂದಾಗಿ ಕೂತಿದೆ, ಮದುವೆಯಾದ ಹೊಸತರಲ್ಲೂ ಹೀಗೇ ಯಾರದೋ ಅಂಗಿ ಸುಟ್ಟಿದ್ದಳು, ಅಂಗಿಯವರು ಬಂದು ಕೂಗಾಡಿದಾಗ ಅತ್ತೆ ಮುಂದೆ ಬಂದು ಸುಟ್ಟಿದ್ದು ನಾನೇ ಕಣ್ರೀ, ಮುದಿ ಕಣ್ಣು, ಅಂದುಬಿಟ್ಟಿದ್ದರು, ಆಗ ಅತ್ತೆಗೆ ಮುದಿ ಕಣ್ಣೇನೂ ಇರಲಿಲ್ಲ, ಅತ್ತೆ, ಈಗಲೂ ನೀವೇ ಸುಟ್ಟದ್ದು ಅಂತ ಹೇಳ್ತೀರಾ, ಅನ್ನುತ್ತ ಏಳಲು ನೋಡಿದರೆ ಮೊಣಕಾಲು ನಿಲ್ಲದು, ಕೋಣೆಯೇ ವಾಲುತ್ತಿದೆ, ಹೊಟ್ಟೆ ತೊಳೆಸುತ್ತಿದೆ, ತಲೆ ಸಿಡಿಯುತ್ತಿದೆ — ತಲೆ ಸಿಡೀತಿದೆ, ಕಿಟಕಿ ತೆಗಿಯೇ — ಅತ್ತೆಗೂ ತಲೆನೋವು, ಇವಳಿಗೂ ತಲೆನೋವು, ಒಂದೇ ಕೋಣೆ, ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅನ್ನುತ್ತಾರೆ, ಹೊಗೆಯಿಲ್ಲದೆ ಉರಿಯುವ ಬೆಂಕಿ ಇಲ್ಲೇ ಇದೆಯಲ್ಲ, ಪೆಟ್ಟಿಗೆಯ ಬಾಯೊಳಗೆ, ಕೆಂಪಗೆ, ಮುಚ್ಚಿದ ಕೋಣೆಯ ಗಾಳಿಯನ್ನೆಲ್ಲ ವಿಷ ಮಾಡುತ್ತ, ಡಾಕ್ಟರು ಒಲೆ ಅಂದರು, ಇಸ್ತ್ರಿ ಪೆಟ್ಟಿಗೆಯನ್ನು ಯಾರು ಒಲೆ ಅಂದಾರು, ಅವಳು ಗೋಡೆ ಹಿಡಿದು ತೆವಳಿದಳು, ಬಾಗಿಲು ತಳ್ಳಿದಳು, ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಕುಕ್ಕಿದಳು, ಮಂಚ ಹತ್ತಿ ಟೇಪಿಗೆ ಕೈ ಹಾಕಿದಳು, ಬರದು, ತಾನೇ ಅಂಟಿಸಿದ್ದು, ಒಂದರ ಮೇಲೊಂದು, ಹಲ್ಲಿನಿಂದ ಕಚ್ಚಿ ಎಳೆದಳು, ಕಿಟಕಿ ತೆರೆಯಿತು, ಬೀದಿಯ ಹಳದಿ ಹೊಗೆ ದೂರದ ಕಾಡಿನ ಸುಟ್ಟ ನಾತ ಹೊತ್ತು ಒಳಗೆ ನುಗ್ಗಿತು, ತೆರೆಯಲೋ ಮುಚ್ಚಲೋ, ಯಾವ ಗಾಳಿಯನ್ನು ಕುಡಿಸಲಿ ಈ ಜೀವಕ್ಕೆ, ಅತ್ತೆ, ಅತ್ತೆ, ಕೆನ್ನೆ ತಟ್ಟಿದಳು, ವಾರದಿಂದ ಬಿಳಿಚಿದ್ದ ಕೆನ್ನೆ ಈಗ ಕೆಂಪಗೆ ಆರೋಗ್ಯವಂತರ ಕೆನ್ನೆಯ ಹಾಗಿದೆ, ಅದೇ ಭಯ, ಕೆಮ್ಮಿ ಅತ್ತೆ, ಒಂದೇ ಸಲ ಕೆಮ್ಮಿ, ಇನ್ನು ಬೈಯೋದಿಲ್ಲ, ಬೀದಿಯ ಸುದ್ದಿಯೆಲ್ಲ ನಾನೇ ತಂದು ಹೇಳ್ತೀನಿ, ಅತ್ತೆಯ ಕೈ ಎತ್ತಿದರೆ ಕೈ ಭಾರ, ತೋರುಬೆರಳಿನ ಉಗುರಿನ ಸಂದಿಯಲ್ಲಿ ಟೇಪಿನ ಒಂದು ಚೂರು, ಇವಳು ತಿರುಗಿ ನಿಂತಾಗ ಕಿತ್ತದ್ದು, ಅಷ್ಟೇ ಕಿತ್ತದ್ದು, ಉಗುರು, ಟೇಪಿನ ಚೂರು, ಅದು ಸಣ್ಣಗೆ ಅಲುಗುತ್ತಿದೆ, ಕಿಟಕಿಯ ಗಾಳಿಗೋ, ಬೆರಳೇ ಅಲುಗಿತೋ, ಅವಳು ಉಸಿರು ಹಿಡಿದು ನೋಡಿದಳು, ಉಗುರು, ಟೇಪಿನ ಚೂರು, ಉಗುರು —